ಮದುವೆಯ ಊಟಕ್ಕೆ ಎಲೆಯೋ, ಸ್ಟೀಲ್ ತಟ್ಟೆಯೋ, ಬಳಸಿ ಬಿಸಾಡುವ ತಟ್ಟೆಯೋ?
ಆರತಕ್ಷತೆ ಹಾಗೂ ಮದುವೆ ಊಟದ ಸಾಮಗ್ರಿ ಆಯ್ಕೆಗೆ ಮುನ್ನ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಕಾರ್ತಿಕ ಮಾಸದಿಂದ ಜ್ಯೇಷ್ಠದವರೆಗೆ, ನಡುವಿನ ಧನುರ್ಮಾಸವನ್ನು ಬಿಟ್ಟರೆ, ಗ್ರಾಮಗಳ ಸಮುದಾಯ ಭವನ, ಕಲ್ಯಾಣ ಮಂಟಪ ಹಾಗೂ ಮನೆಯಂಗಳದ ಚಪ್ಪರಗಳಲ್ಲಿ ಮದುವೆಗಳು ನಡೆಯುತ್ತವೆ. ಮುಹೂರ್ತ, ಸೀರೆ, ಒಡವೆ, ಅಡುಗೆಯವರು ಇವೆಲ್ಲವನ್ನೂ ತಿಂಗಳುಗಳ ಮುಂಚೆಯೇ ನಿಶ್ಚಯಿಸುವ ಕುಟುಂಬಗಳು, ಬಂದ ನೆಂಟರಿಷ್ಟರು ಯಾವುದರಲ್ಲಿ ಉಣ್ಣಬೇಕು ಎಂಬುದನ್ನು ಮಾತ್ರ ಕೊನೆಯ ಎರಡು ದಿನಗಳಿಗೆ ಬಿಡುವುದು ಸಾಮಾನ್ಯವಾಗಿದೆ. ಆ ಹೊತ್ತಿಗೆ ಉಳಿಯುವ ದಾರಿ ಒಂದೇ: ಪೇಟೆಯ ಅಂಗಡಿಯಿಂದ ಕಾಗದದ ತಟ್ಟೆ, ಲೋಟ, ಚಮಚ ಹಾಗೂ ಸಣ್ಣ ನೀರಿನ ಬಾಟಲಿಗಳ ಮೂಟೆಗಳನ್ನು ತರುವುದು.

ಈ ಆತುರದ ಆಯ್ಕೆಯ ಪರಿಣಾಮವು ಮದುವೆಯ ಮರುದಿನ ಬೆಳಗ್ಗೆ ಕಾಣುತ್ತದೆ. ಅನ್ನ, ಸಾರು, ಪಾಯಸಗಳಲ್ಲಿ ನೆನೆದ ತಟ್ಟೆ ಲೋಟಗಳ ರಾಶಿಯನ್ನು ಸ್ವಚ್ಛ ವಾಹಿನಿಯಲ್ಲಿ ಬಂದ ಸ್ವಸಹಾಯ ಸಂಘದ ಮಹಿಳೆಯರು ಬರಿಗೈಯಲ್ಲಿ ಬೇರ್ಪಡಿಸಬೇಕಾಗುತ್ತದೆ, ಇಲ್ಲವೇ ಆ ರಾಶಿಯು ಹಳ್ಳದ ದಂಡೆಗೆ ಸೇರುತ್ತದೆ. ಆದುದರಿಂದ ಊಟದ ಸಾಮಗ್ರಿಯ ಆಯ್ಕೆಯನ್ನು ಅಂಗಡಿಯ ದರವೊಂದನ್ನೇ ನೋಡಿ ಮಾಡದೆ, ಅದು ಎಲ್ಲಿಂದ ಬರುತ್ತದೆ, ತೊಳೆಯಲು ಏನು ಬೇಕಾಗುತ್ತದೆ, ಊಟದ ನಂತರ ಎಲ್ಲಿಗೆ ಹೋಗುತ್ತದೆ ಮತ್ತು ಯಾರ ಕೈ ಸೇರುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಮಾಡುವುದು ಸೂಕ್ತ.

ಒಂದು ಮದುವೆಯ ಲೆಕ್ಕ

ಉದಾಹರಣೆಗೆ, 600 ಜನರು ಸೇರುವ ಒಂದು ಆರತಕ್ಷತೆಯನ್ನು ಪರಿಗಣಿಸಬಹುದು. ಪ್ರತಿಯೊಬ್ಬ ಅತಿಥಿಗೂ ಒಂದು ತಟ್ಟೆ, ಒಂದು ಸಿಹಿಯ ಬಟ್ಟಲು, ಒಂದು ಚಮಚ, ಒಂದು ಪಾನಕದ ಲೋಟ, ಒಂದು ನೀರಿನ ಬಾಟಲಿ ಹಾಗೂ ಒಂದು ಐಸ್‌ಕ್ರೀಮ್ ಬಟ್ಟಲು ಎಂದು ಹಿಡಿದರೆ ಆರು ವಸ್ತುಗಳಾಗುತ್ತವೆ. ಒಟ್ಟು 3600 ವಸ್ತುಗಳು. ಮರುದಿನದ ಧಾರೆಯ ಊಟಕ್ಕೂ ಅಷ್ಟೇ ಜನ, ಅದೇ ವ್ಯವಸ್ಥೆ ಎಂದಾದರೆ 7200. ಪ್ರತಿಯೊಂದರ ಬಳಕೆಯ ಅವಧಿ ಕೆಲವೇ ನಿಮಿಷಗಳು. ಸುಗ್ಗಿ ಮುಗಿದ ನಂತರದ ತಿಂಗಳುಗಳಲ್ಲಿ ಒಂದೇ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇಂತಹ ಹತ್ತು ಮದುವೆಗಳು ನಡೆದರೆ ರಾಶಿಯು ಎಪ್ಪತ್ತು ಸಾವಿರವನ್ನು ದಾಟುತ್ತದೆ. ಗ್ರಾಮದ ಮನೆಗಳ ನಿತ್ಯದ ಕಸಕ್ಕೆಂದು ರೂಪಿಸಿದ ಸ್ವಚ್ಛ ಸಂಕೀರ್ಣವು ಈ ಹೊರೆಯನ್ನು ತಾಳಲಾರದು.

ಕಾನೂನು ಏನು ಹೇಳುತ್ತದೆ

ಕರ್ನಾಟಕ ಸರ್ಕಾರವು 1986ರ ಪರಿಸರ (ಸಂರಕ್ಷಣೆ) ಅಧಿನಿಯಮದ ಅಡಿಯಲ್ಲಿ 2016ರ ಮಾರ್ಚ್ ತಿಂಗಳಿನಲ್ಲಿ ಹೊರಡಿಸಿದ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಹಾಗೂ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿದೆ. ಥರ್ಮಾಕೋಲ್‌ನಿಂದ ತಯಾರಿಸಿದ ವಸ್ತುಗಳೂ ಈ ನಿಷೇಧಕ್ಕೆ ಒಳಪಟ್ಟಿವೆ. ಬಳಸುವವರಿಗೂ ನಿಷೇಧ ಅನ್ವಯಿಸುವುದರಿಂದ, ಅಂಗಡಿಯಲ್ಲಿ ಸಿಕ್ಕಿತು ಎಂಬುದು ಸಮರ್ಥನೆಯಾಗುವುದಿಲ್ಲ.

ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ತಿದ್ದುಪಡಿ ನಿಯಮಗಳ ಪ್ರಕಾರ, 2022ರ ಜುಲೈ 1ರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಬಟ್ಟಲು, ಲೋಟ, ಚಮಚ, ಫೋರ್ಕ್, ಚಾಕು, ಹೀರುಕೊಳವೆ ಮತ್ತು ಟ್ರೇಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಸಿಹಿತಿಂಡಿಯ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹೊದಿಕೆಯೂ ಇದೇ ಪಟ್ಟಿಯಲ್ಲಿದೆ ಎಂಬುದನ್ನು ಮದುವೆ ನಡೆಸುವವರು ಗಮನಿಸಬೇಕು.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮೀಣ ಪ್ರದೇಶಗಳಿಗೂ ಅನ್ವಯಿಸುತ್ತವೆ. ತ್ಯಾಜ್ಯವನ್ನು ಬೇರ್ಪಡಿಸಿ ಸಂಗ್ರಹಿಸುವ ವ್ಯವಸ್ಥೆ ಮಾಡುವುದು ಹಾಗೂ ಪ್ಲಾಸ್ಟಿಕ್ಕನ್ನು ಬಯಲಿನಲ್ಲಿ ಸುಡದಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಹೊಣೆಯಾಗಿದೆ. ಬಯಲಿನಲ್ಲಿ ಸಮಾರಂಭ ನಡೆಸಿ ಪ್ಲಾಸ್ಟಿಕ್ ಹೊದಿಕೆಯ ಆಹಾರವನ್ನು ಬಡಿಸುವವರು, ಅದರಿಂದ ಉಂಟಾದ ತ್ಯಾಜ್ಯವನ್ನು ತಾವೇ ಬೇರ್ಪಡಿಸಿ ನಿರ್ವಹಿಸಬೇಕೆಂದು ಅದೇ ನಿಯಮಗಳು ಹೇಳುತ್ತವೆ.

‘ಕಾಗದ’ ಎಂಬ ಹೆಸರಿನ ಪ್ಲಾಸ್ಟಿಕ್

ಪ್ಲಾಸ್ಟಿಕ್ ನಿಷೇಧವಾದ ಮೇಲೆ ಬಹುತೇಕ ಮದುವೆಗಳು ಕಾಗದದ ಸಾಮಗ್ರಿಗೆ ಹೊರಳಿದವು. ಆದರೆ ಬರಿಯ ಕಾಗದವು ಬಿಸಿ ಸಾರನ್ನು ಹಿಡಿದಿಡಲಾರದು. ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪದರವನ್ನು ಅಂಟಿಸಿರುತ್ತಾರೆ. ಬಾಳೆ ಎಲೆಯ ಚಿತ್ರವನ್ನು ಮುದ್ರಿಸಿದ ಹಸಿರು ‘ಪೇಪರ್ ಎಲೆ’ಗಳ ಹೊಳಪಿಗೂ, ಬೆಳ್ಳಿ ಬಣ್ಣದ ತಟ್ಟೆಗಳ ಮಿರುಗಿಗೂ ಸಾಮಾನ್ಯವಾಗಿ ಇಂತಹ ಪದರವೇ ಕಾರಣ. ಕೇಂದ್ರದ ನಿಷೇಧಿತ ಪಟ್ಟಿಯಲ್ಲಿ ಕಾಗದದ ಲೋಟದ ಹೆಸರಿಲ್ಲದಿರುವುದರಿಂದ ಅದರಲ್ಲಿ ಪ್ಲಾಸ್ಟಿಕ್ ಇಲ್ಲವೆಂದು ತಿಳಿಯುವುದು ತಪ್ಪಾಗುತ್ತದೆ.

ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 85ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ 100 ಮಿಲಿಲೀಟರ್ ದ್ರವವನ್ನು ಇಂತಹ ಲೋಟದಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಬಿಡುಗಡೆಯಾಗುತ್ತವೆ. ಬಿಸಿ ಕಾಫಿ, ಬಾದಾಮಿ ಹಾಲು, ರಸಂ ಬಡಿಸುವ ಸಮಾರಂಭಗಳಿಗೆ ಇದು ಗಮನಾರ್ಹ ಸಂಗತಿ.

ಪದರವಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ತಟ್ಟೆ ಅಥವಾ ಲೋಟದ ಒಂದು ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ಬೆರಳಿನಿಂದ ಉಜ್ಜಬೇಕು. ಕಾಗದವು ಮುದ್ದೆಯಾಗಿ ಕಳಚಿಕೊಂಡ ಬಳಿಕ ಎಳೆದರೆ ಹಿಗ್ಗುವ ಪಾರದರ್ಶಕ ಪೊರೆ ಕೈಯಲ್ಲಿ ಉಳಿದರೆ ಅದು ಪ್ಲಾಸ್ಟಿಕ್. ಮುತ್ತುಗದ ಎಲೆಯ ತಟ್ಟೆಗಳಲ್ಲಿಯೂ ಇತ್ತೀಚೆಗೆ ಎಲೆಗೆ ಪ್ಲಾಸ್ಟಿಕ್ ಹಾಳೆಯನ್ನು ಸೇರಿಸಿ ಯಂತ್ರದಲ್ಲಿ ಒತ್ತಿದವು ಮಾರಾಟವಾಗುತ್ತಿವೆ. ಹೀಗಾಗಿ ಎಲೆಯ ತಟ್ಟೆಯನ್ನು ಕೊಳ್ಳುವಾಗಲೂ ಅಂಚನ್ನು ಬಿಡಿಸಿ ನೋಡುವುದು ಒಳ್ಳೆಯದು.

‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಮಾರುವ ಸಾಮಗ್ರಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಅವು ಐಎಸ್/ಐಎಸ್‌ಒ 17088 ಮಾನದಂಡಕ್ಕೆ ಅನುಗುಣವಾಗಿರಬೇಕು ಮತ್ತು ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನು ಪಡೆದಿರಬೇಕು. ಇವು ಕರಗಲು ಕೈಗಾರಿಕಾ ಗೊಬ್ಬರ ಘಟಕದ ಹೆಚ್ಚಿನ ಶಾಖ ಬೇಕು. ಮನೆಯ ತಿಪ್ಪೆಗುಂಡಿಯಲ್ಲಿ ಅವು ಬಹುಕಾಲ ಹಾಗೆಯೇ ಉಳಿಯಬಹುದು.

ಎಲೆ ಮತ್ತು ಹಾಳೆ: ಎಲ್ಲಿ ಸೂಕ್ತ

ಪಂಕ್ತಿಯಲ್ಲಿ ಕುಳಿತು ಉಣ್ಣುವ ಊಟಕ್ಕೆ ಬಾಳೆ ಎಲೆಗಿಂತ ಉತ್ತಮವಾದುದು ಇಲ್ಲ. ತೊಳೆಯುವ ಕೆಲಸವಿಲ್ಲ, ಊಟದ ನಂತರ ಗೊಬ್ಬರವಾಗುತ್ತದೆ, ಹಣವು ಸಮೀಪದ ರೈತನಿಗೆ ಸೇರುತ್ತದೆ. ಎಲೆಗಳನ್ನು ಹಿಂದಿನ ದಿನವೇ ಕೊಯ್ದು, ನೀರು ಚಿಮುಕಿಸಿ, ನೆರಳಿನಲ್ಲಿ ಒದ್ದೆ ಗೋಣಿಚೀಲದಡಿ ಇರಿಸಿದರೆ ಬಾಡುವುದಿಲ್ಲ. ಬೇಸಿಗೆಯಲ್ಲಿ ಮತ್ತು ಬಿರುಗಾಳಿಯ ನಂತರ ಹರಿಯದ ಎಲೆ ಸಿಗುವುದು ಕಷ್ಟವಾದ್ದರಿಂದ ಕನಿಷ್ಠ ಎರಡು ವಾರ ಮೊದಲು ತೋಟದವರಿಗೆ ತಿಳಿಸಿರಬೇಕು.

ಬಾಳೆ ತೋಟಗಳು ಕಡಿಮೆಯಿರುವ ಬಯಲುಸೀಮೆ ಹಾಗೂ ಉತ್ತರದ ಜಿಲ್ಲೆಗಳಲ್ಲಿ ಮುತ್ತುಗದ ಎಲೆಯ ಪತ್ರಾವಳಿ ಮತ್ತು ದೊನ್ನೆಗಳು ಹಿಂದಿನಿಂದಲೂ ರೂಢಿಯಲ್ಲಿವೆ. ಒಣಗಿಸಿದ ಎಲೆಗಳನ್ನು ಸಣ್ಣ ಕಡ್ಡಿಗಳಿಂದ ಹಚ್ಚಿ ಮಾಡುವ ಇವು ಬೆಳೆ ಇಲ್ಲದ ದಿನಗಳಲ್ಲಿ ಅನೇಕ ಮಹಿಳೆಯರಿಗೆ ಮನೆಯಲ್ಲೇ ಕುಳಿತು ಮಾಡುವ ದುಡಿಮೆಯನ್ನು ಒದಗಿಸಿವೆ. ಮದುವೆಗೆ ತಿಂಗಳ ಮೊದಲೇ ಬೇಡಿಕೆ ತಿಳಿಸಿದರೆ ಕೈಯಿಂದ ಹಚ್ಚಿದ ಎಲೆಗಳು ದೊರೆಯುತ್ತವೆ. ಕೊನೆಯ ವಾರದಲ್ಲಿ ಕೇಳಿದರೆ ಯಂತ್ರದಲ್ಲಿ ಒತ್ತಿದ, ಪ್ಲಾಸ್ಟಿಕ್ ಸೇರಿದ ಎಲೆಯೇ ಕೈಗೆ ಸಿಗುವ ಸಂಭವ ಹೆಚ್ಚು.

ನಿಂತು ಉಣ್ಣುವ ವ್ಯವಸ್ಥೆಗೆ ಬಾಳೆ ಎಲೆ ಒದಗುವುದಿಲ್ಲ. ಅಲ್ಲಿ ಅಡಿಕೆ ಹಾಳೆಯ ತಟ್ಟೆ ಉಪಯುಕ್ತ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕವಾಗಿದ್ದು, ಮರವೊಂದು ವರ್ಷಕ್ಕೆ ಐದಾರು ಹಾಳೆಗಳನ್ನು ತಾನಾಗಿಯೇ ಉದುರಿಸುತ್ತದೆ. ಅವುಗಳನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಯಾವ ಅಂಟೂ ಇಲ್ಲದೆ ತಟ್ಟೆಯಾಗುತ್ತದೆ. ಆದರೆ ಸರಿಯಾಗಿ ಒಣಗದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಮೂಟೆಯನ್ನು ಬಿಚ್ಚಿಸಿ, ಕಪ್ಪು ಚುಕ್ಕೆ ಅಥವಾ ಮುಗ್ಗಲು ವಾಸನೆಯಿರುವ ತಟ್ಟೆಗಳನ್ನು ತಿರಸ್ಕರಿಸಬೇಕು. ಕೊಂಡ ಮೇಲೆ ತೇವವಿಲ್ಲದ ಜಾಗದಲ್ಲಿ ಇರಿಸಬೇಕು.

ಸ್ಟೀಲ್ ತಟ್ಟೆ: ಶ್ರಮ ಮತ್ತು ನೀರಿನ ಲೆಕ್ಕ

ಸ್ಟೀಲ್ ತಟ್ಟೆಯ ವಿಷಯದಲ್ಲಿ ಕುಟುಂಬಗಳು ಮುಂದಿಡುವ ಆಕ್ಷೇಪಣೆಗಳು ಮೂರು: ಅಷ್ಟೊಂದು ತಟ್ಟೆ ಎಲ್ಲಿಂದ ತರುವುದು, ಯಾರು ತೊಳೆಯುವುದು, ನೀರೆಲ್ಲಿದೆ. ಮೂರೂ ನ್ಯಾಯವಾದ ಪ್ರಶ್ನೆಗಳೇ ಆಗಿವೆ.

ಮೊದಲನೆಯದಾಗಿ, 600 ಜನರಿಗೆ 600 ತಟ್ಟೆಗಳು ಬೇಕಾಗುವುದಿಲ್ಲ. ಒಂದು ಪಂಕ್ತಿಗೆ 150 ಜನರಂತೆ ನಾಲ್ಕು ಪಂಕ್ತಿಗಳಾದರೆ, 300 ತಟ್ಟೆಗಳು ಸಾಕು. ಒಂದು ಪಂಕ್ತಿ ಉಣ್ಣುತ್ತಿರುವಾಗ ಹಿಂದಿನ ಪಂಕ್ತಿಯ ತಟ್ಟೆಗಳನ್ನು ತೊಳೆದು, ಒರೆಸಿ ಸಿದ್ಧಪಡಿಸಬಹುದು. ಆರತಕ್ಷತೆಯಲ್ಲಿ ಜನರು ಬಿಟ್ಟುಬಿಟ್ಟು ಬರುವುದರಿಂದ ಇದು ಇನ್ನೂ ಸುಲಭ. ಶಾಮಿಯಾನ ಅಂಗಡಿಗಳು, ದೇವಸ್ಥಾನಗಳು ಹಾಗೂ ಸಮುದಾಯ ಸಂಘಗಳು ಇಷ್ಟು ತಟ್ಟೆಗಳನ್ನು ಬಾಡಿಗೆಗೆ ಅಥವಾ ಎರವಲಾಗಿ ನೀಡುವುದುಂಟು.

ಎರಡನೆಯದು ನೀರು. ನಿಮಿಷಕ್ಕೆ 10 ಲೀಟರ್ ಸುರಿಯುವ ಒಂದು ನಲ್ಲಿಯನ್ನು ನಾಲ್ಕು ಗಂಟೆ ತೆರೆದಿಟ್ಟು ತೊಳೆದರೆ 2400 ಲೀಟರ್ ಹರಿದುಹೋಗುತ್ತದೆ. ಇದರ ಬದಲು ಮೂರು ತೊಟ್ಟಿಗಳ ವಿಧಾನವನ್ನು ಅನುಸರಿಸಬಹುದು. ಮೊದಲಿಗೆ ಎಂಜಲನ್ನು ಬಕೆಟ್ಟಿಗೆ ಪೂರ್ತಿ ಕೆರೆದು ಹಾಕಬೇಕು. ನಂತರ ಮೊದಲನೆಯ ತೊಟ್ಟಿಯಲ್ಲಿ ಸಾಬೂನು ನೀರು, ಎರಡನೆಯದರಲ್ಲಿ ಜಾಲಾಡುವ ನೀರು, ಮೂರನೆಯದರಲ್ಲಿ ಶುದ್ಧವಾದ ಬಿಸಿನೀರು. ತೊಟ್ಟಿಯೊಂದಕ್ಕೆ 100 ಲೀಟರ್, ಪ್ರತಿ 150 ತಟ್ಟೆಗಳಿಗೊಮ್ಮೆ ಮೂರನ್ನೂ ಬದಲಿಸುವುದು ಎಂದು ಹಿಡಿದರೆ 600 ತಟ್ಟೆಗಳಿಗೆ 1200 ಲೀಟರ್ ಸಾಕು. ಲೋಟ, ಬಟ್ಟಲುಗಳಿಗೆ ಇನ್ನು 400 ಲೀಟರ್ ಸೇರಿಸಿದರೂ ಒಟ್ಟು 1600 ಲೀಟರ್, ಅಂದರೆ 5000 ಲೀಟರಿನ ಟ್ಯಾಂಕರಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ತೊಳೆದ ತಟ್ಟೆಗಳನ್ನು ಒದ್ದೆಯಾಗಿಯೇ ಪೇರಿಸದೆ, ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿ ಒಣಗಿಸಬೇಕು ಅಥವಾ ಶುಭ್ರವಾದ ಬಟ್ಟೆಯಿಂದ ಒರೆಸಬೇಕು. ತೊಳೆದ ನೀರನ್ನು ರಸ್ತೆಯ ಚರಂಡಿಗೆ ಬಿಡದೆ ಇಂಗುಗುಂಡಿಗೆ ಹರಿಸಬೇಕು.

ಅಷ್ಟು ನೀರೂ ಇಲ್ಲದ ಊರುಗಳಿವೆ. ಕುಡಿಯುವ ನೀರಿಗೇ ಟ್ಯಾಂಕರನ್ನು ಕಾಯಬೇಕಾದ ಬೇಸಿಗೆಯಲ್ಲಿ ಸ್ಟೀಲ್ ತಟ್ಟೆಯನ್ನೇ ಬಳಸಬೇಕೆಂಬ ಹಟ ಸರಿಯಲ್ಲ. ಅಲ್ಲಿ ತಟ್ಟೆಗೆ ಬದಲಾಗಿ ಎಲೆಯನ್ನು ಬಳಸಿ, ಲೋಟಗಳನ್ನು ಮಾತ್ರ ಸ್ಟೀಲಿನವುಗಳನ್ನಾಗಿ ಇಟ್ಟುಕೊಳ್ಳುವುದು ವಿವೇಕದ ಮಾರ್ಗ. ಲೋಟಕ್ಕೆ ಜಿಡ್ಡು ಕಡಿಮೆ, ತೊಳೆಯಲು ಬೇಕಾಗುವ ನೀರೂ ಕಡಿಮೆ.

ತೊಳೆಯುವ ಕೈಗಳು

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಎಂಜಲೆಲೆ ಎತ್ತುವ ಮತ್ತು ಪಾತ್ರೆ ತೊಳೆಯುವ ಕೆಲಸವನ್ನು ಹಿಂದೆ ಅನೇಕ ಊರುಗಳಲ್ಲಿ ಕೆಲವೇ ಮನೆತನಗಳ ಮೇಲೆ, ಕೂಲಿಯಿಲ್ಲದೆ, ಉಳಿದ ಅನ್ನವನ್ನು ಕೊಟ್ಟು ಹೊರಿಸಲಾಗಿತ್ತು. ಇಂದಿಗೂ ಬಹುತೇಕ ಮದುವೆಗಳಲ್ಲಿ ಈ ಕೆಲಸದವರನ್ನು ಮೊದಲೇ ಗೊತ್ತುಪಡಿಸುವುದಿಲ್ಲ. ಬಿಸಾಡುವ ತಟ್ಟೆಗಳು ಜನಪ್ರಿಯವಾಗಲು ಈ ಶ್ರಮವನ್ನು ಯಾರೂ ಒಪ್ಪಿಕೊಳ್ಳಲು ಬಯಸದಿರುವುದೂ ಒಂದು ಕಾರಣ. ಆದರೆ ಶ್ರಮವು ಅಲ್ಲಿಗೆ ಮುಗಿಯುವುದಿಲ್ಲ. ಮಂಟಪದ ಹಿಂಬದಿಯಲ್ಲಿ ಪಾತ್ರೆ ತೊಳೆಯಬೇಕಾಗಿದ್ದವರ ಬದಲು, ಮರುದಿನ ಸ್ವಚ್ಛ ಸಂಕೀರ್ಣದಲ್ಲಿ ಕೊಳೆತ ರಾಶಿಯನ್ನು ಬೇರ್ಪಡಿಸುವ ಮಹಿಳೆಯರ ಮೇಲೆ ಅದು ಬೀಳುತ್ತದೆ. ಅದಕ್ಕೆ ಮದುವೆ ಮನೆಯವರು ಏನನ್ನೂ ಕೊಟ್ಟಿರುವುದಿಲ್ಲ.

ಆದುದರಿಂದ ತೊಳೆಯುವ ಹಾಗೂ ಎಲೆ ಎತ್ತುವ ಕೆಲಸಕ್ಕೆ ಅಡುಗೆಯವರಿಗೆ ಕೊಡುವಂತೆಯೇ ಮೊದಲೇ ಮಾತಾಡಿ, ನ್ಯಾಯವಾದ ಕೂಲಿಯನ್ನು ಗೊತ್ತುಪಡಿಸಬೇಕು. ಕೈಗವಸು, ನಿಂತು ತೊಳೆಯಲು ಎತ್ತರದ ಕಟ್ಟೆ ಅಥವಾ ಮೇಜು, ಬೆಳಕು ಹಾಗೂ ಎಲ್ಲರೊಂದಿಗೆ ಕುಳಿತು ಊಟ, ಇವು ಆ ಒಪ್ಪಂದದ ಭಾಗವಾಗಬೇಕು.

ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಒಂದೇ ಸಮಾರಂಭದಲ್ಲಿ ಕೆಲವರಿಗೆ ಸ್ಟೀಲ್ ತಟ್ಟೆ, ಕೆಲವರಿಗೆ ಬಿಸಾಡುವ ತಟ್ಟೆ ಎಂದು ಜಾತಿಯ ಆಧಾರದ ಮೇಲೆ ಭೇದ ಮಾಡುವುದು ಸಂವಿಧಾನದ 17ನೇ ವಿಧಿಯು ನಿರ್ಮೂಲನೆ ಮಾಡಿದ ಅಸ್ಪೃಶ್ಯತೆಯ ಆಚರಣೆಯೇ ಆಗಿದ್ದು, ಶಿಕ್ಷಾರ್ಹ ಅಪರಾಧವಾಗಿದೆ. ಎಲೆಯಾದರೆ ಎಲ್ಲರಿಗೂ ಎಲೆ, ತಟ್ಟೆಯಾದರೆ ಎಲ್ಲರಿಗೂ ತಟ್ಟೆ ಎಂಬುದು ಸರಳವಾದ ನಿಯಮ.

ಖರ್ಚಿನ ಹೋಲಿಕೆ

ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಲೆಕ್ಕ ಹಾಕುವ ವಿಧಾನವನ್ನು ತೋರಿಸಲು ಮಾತ್ರ ಇಲ್ಲಿ ಕೆಲವು ದರಗಳನ್ನು ಊಹಿಸಿಕೊಳ್ಳಲಾಗಿದೆ. ಕುಟುಂಬಗಳು ತಮ್ಮ ಊರಿನ ದರಗಳನ್ನು ಹಾಕಿ ನೋಡಬಹುದು.

ಬಿಸಾಡುವ ಸಾಮಗ್ರಿ: ತಟ್ಟೆಗೆ 4 ರೂಪಾಯಿ, ಬಟ್ಟಲು, ಲೋಟ, ಚಮಚಗಳಿಗೆ ತಲಾ 1 ರೂಪಾಯಿ, ನೀರಿನ ಬಾಟಲಿಗೆ 6 ರೂಪಾಯಿ ಎಂದರೆ ಒಬ್ಬರಿಗೆ 13 ರೂಪಾಯಿ. 600 ಜನರಿಗೆ 7800 ರೂಪಾಯಿ.

ಸ್ಟೀಲ್ ಸಾಮಗ್ರಿ: ತಟ್ಟೆ, ಬಟ್ಟಲು, ಲೋಟ, ಚಮಚಗಳ ಒಂದು ಜೊತೆಗೆ 4 ರೂಪಾಯಿ ಬಾಡಿಗೆಯಂತೆ 300 ಜೊತೆಗಳಿಗೆ 1200 ರೂಪಾಯಿ. ತೊಳೆಯುವ ನಾಲ್ವರಿಗೆ ತಲಾ 700ರಂತೆ 2800 ರೂಪಾಯಿ. ಸಾಗಣೆ 1000, ಸಾಬೂನು ಮತ್ತು ಬಟ್ಟೆ 300, ಕಳೆದುಹೋದ ವಸ್ತುಗಳಿಗೆ 500 ರೂಪಾಯಿ. ಕುಡಿಯಲು ಒಬ್ಬರಿಗೆ ಅರ್ಧ ಲೀಟರಿನಂತೆ 300 ಲೀಟರ್ ನೀರು, 20 ಲೀಟರಿನ 15 ಕ್ಯಾನ್‌ಗಳಿಗೆ ತಲಾ 30ರಂತೆ 450 ರೂಪಾಯಿ. ಒಟ್ಟು 6250 ರೂಪಾಯಿ. ತೊಳೆಯುವ ನೀರಿಗೆ ಟ್ಯಾಂಕರ್ ತರಿಸಬೇಕಾದರೆ ಅದರ 800 ರೂಪಾಯಿ ಸೇರಿ 7050 ರೂಪಾಯಿ.

ಈ ಲೆಕ್ಕದಲ್ಲಿ ಉಳಿತಾಯವು ದೊಡ್ಡದೇನಲ್ಲ. ಬಾಡಿಗೆ ಅಥವಾ ಕೂಲಿ ಹೆಚ್ಚಿರುವೆಡೆ ಸ್ಟೀಲ್ ತುಸು ದುಬಾರಿಯೂ ಆಗಬಹುದು. ಗಮನಿಸಬೇಕಾದುದು ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಮೊದಲನೆಯ ಪಟ್ಟಿಯ ಹೆಚ್ಚಿನ ಪಾಲು ಮರುದಿನವೇ ಕಸವಾಗುತ್ತದೆ. ಎರಡನೆಯ ಪಟ್ಟಿಯ ಹೆಚ್ಚಿನ ಪಾಲು ಊರಿನವರ ಕೂಲಿ ಮತ್ತು ಬಾಡಿಗೆಯಾಗಿ ಊರಿನಲ್ಲೇ ಉಳಿಯುತ್ತದೆ. ಎರಡೂ ಪಟ್ಟಿಗಳನ್ನು ನೋಡಿದರೆ ಇನ್ನೊಂದು ಅಂಶವೂ ತಿಳಿಯುತ್ತದೆ. ಬಿಸಾಡುವ ಸಾಮಗ್ರಿಯ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಅಂದರೆ 3600 ರೂಪಾಯಿ, ಸಣ್ಣ ನೀರಿನ ಬಾಟಲಿಗಳದು. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್‌ಗಳಲ್ಲಿ ನೀರನ್ನು ತಂದು ಸ್ಟೀಲ್ ಲೋಟಗಳಲ್ಲಿ ಬಡಿಸಿದರೆ ಈ ಒಂದೇ ಬದಲಾವಣೆಯಿಂದ ಖರ್ಚೂ ಕಸವೂ ಕಡಿಮೆಯಾಗುತ್ತವೆ. ಬೇರೇನನ್ನೂ ಬದಲಿಸಲಾಗದ ಕುಟುಂಬವೂ ಇದನ್ನು ಮಾಡಬಹುದು.

ನಿಜವಾದ ಅಡಚಣೆ ಅನೇಕ ವೇಳೆ ಹಣದ್ದೂ ನೀರಿನದೂ ಆಗಿರುವುದಿಲ್ಲ. ಪ್ರತಿ ಎಲೆಯ ಮುಂದೆ ಒಂದು ಬಾಟಲಿ ಇಡದಿದ್ದರೆ ಬೀಗರು ಏನೆಂದುಕೊಳ್ಳುವರೋ ಎಂಬ ಅಳುಕು ಹೆಣ್ಣಿನ ಮನೆಯವರನ್ನು ಹೆಚ್ಚು ಕಾಡುತ್ತದೆ. ನಿಶ್ಚಿತಾರ್ಥದ ದಿನವೇ ಎರಡೂ ಮನೆಯ ಹಿರಿಯರು ಈ ವಿಷಯವನ್ನು ಮಾತಾಡಿ ಒಪ್ಪಿಕೊಂಡರೆ, ಯಾರ ಮರ್ಯಾದೆಗೂ ಕುಂದು ಬಂದಂತಾಗುವುದಿಲ್ಲ. ಗಂಡಿನ ಮನೆಯವರೇ ಮೊದಲು ಪ್ರಸ್ತಾಪಿಸಿದರೆ ಇನ್ನೂ ಸುಲಭ.

ಊಟದ ನಂತರ

ಯಾವುದೇ ಸಾಮಗ್ರಿಯನ್ನು ಆರಿಸಿಕೊಂಡರೂ ಬೇರ್ಪಡಿಸುವಿಕೆ ಊಟದ ಜಾಗದಲ್ಲೇ ನಡೆಯಬೇಕು. ಕೈತೊಳೆಯುವ ಸ್ಥಳದ ಬಳಿ ಮೂರು ಪಾತ್ರೆಗಳನ್ನು ಇರಿಸಬೇಕು: ಎಲೆ ಮತ್ತು ಎಂಜಲಿಗೆ ಒಂದು, ಒಣ ಕಸಕ್ಕೆ ಒಂದು, ತೊಳೆಯಬೇಕಾದ ತಟ್ಟೆ ಲೋಟಗಳಿಗೆ ಒಂದು. ಅಲ್ಲಿ ಮನೆಯ ಇಬ್ಬರು ಯುವಕರು ನಿಂತು ತಿಳಿಸಿದರೆ ಅತಿಥಿಗಳು ಸಹಕರಿಸುತ್ತಾರೆ.

ಎಂಜಲೆಲೆಗಳನ್ನು ದನಗಳಿಗೆ ಹಾಕುವಾಗ ಎರಡು ಎಚ್ಚರಿಕೆಗಳು ಅಗತ್ಯ. ಎಲೆಯೊಂದಿಗೆ ಪ್ಲಾಸ್ಟಿಕ್ ಲೋಟ, ಹಾಳೆಗಳು ಸೇರಿದ್ದರೆ ಉಪ್ಪಿನ ರುಚಿಗೆ ದನಗಳು ಅವುಗಳನ್ನೂ ನುಂಗುತ್ತವೆ. ಅವು ಜೀರ್ಣವಾಗದೆ ಹೊಟ್ಟೆಯಲ್ಲೇ ಶೇಖರವಾಗುತ್ತ ಹೋಗಿ, ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯದಿದ್ದರೆ ಪ್ರಾಣಕ್ಕೇ ಎರವಾಗುತ್ತವೆ. ಎರಡನೆಯದಾಗಿ, ಉಳಿದ ಅನ್ನವನ್ನು ಒಮ್ಮೆಲೇ ಹೆಚ್ಚಾಗಿ ತಿನ್ನಿಸಿದರೆ ದನದ ಹೊಟ್ಟೆಯಲ್ಲಿ ಆಮ್ಲತೆ ಹೆಚ್ಚಿ ಅದು ಸಾಯುವ ಸಂಭವವಿದೆ. ಉಳಿದ ಅಡುಗೆಯನ್ನು ಕೆಡುವ ಮೊದಲೇ ಜನರಿಗೆ ಹಂಚುವುದು, ಎಂಜಲನ್ನು ತಿಪ್ಪೆಗುಂಡಿಯಲ್ಲಿ ಮಣ್ಣು ಹಾಗೂ ಒಣಎಲೆಗಳೊಂದಿಗೆ ಪದರಪದರವಾಗಿ ಹಾಕುವುದು ಸರಿಯಾದ ಕ್ರಮ. ತಟ್ಟೆ ಲೋಟಗಳ ರಾಶಿಗೆ ಬೆಂಕಿ ಇಡುವುದರಿಂದ ವಿಷಕಾರಿ ಹೊಗೆ ಹರಡುತ್ತದೆ. ಅದು ನಿಯಮಬಾಹಿರವೂ ಹೌದು.

ಊರಿಗೊಂದು ತಟ್ಟೆ ಬ್ಯಾಂಕ್

ಪ್ರತಿ ಕುಟುಂಬವೂ ಪ್ರತ್ಯೇಕವಾಗಿ ಹೊರಬೇಕಾದ ಈ ಹೊರೆಯನ್ನು ಊರು ಒಟ್ಟಾಗಿ ಹಗುರಗೊಳಿಸಬಹುದು. ಹಿಂದೆ ದೇವಸ್ಥಾನದಲ್ಲೋ ಊರ ಚಾವಡಿಯಲ್ಲೋ ಕೊಪ್ಪರಿಗೆ, ಹಂಡೆ, ಕೊಳಗಗಳನ್ನು ಇರಿಸಿ ಮದುವೆ ಮನೆಗಳಿಗೆ ಕೊಡುವ ಪದ್ಧತಿ ಅನೇಕ ಗ್ರಾಮಗಳಲ್ಲಿತ್ತು. ತಟ್ಟೆ ಬ್ಯಾಂಕ್ ಎಂಬುದು ಅದೇ ಪದ್ಧತಿಯ ಮುಂದುವರಿಕೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ನೀಡುವ ತಟ್ಟೆ ಬ್ಯಾಂಕನ್ನು ನಡೆಸಿದೆ. ನೆರೆಯ ಕೇರಳದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟವನ್ನು ಬಿಸಾಡುವ ಸಾಮಗ್ರಿಗಳನ್ನು ದೂರವಿಡುವ ‘ಹಸಿರು ಶಿಷ್ಟಾಚಾರ’ದಂತೆ ನಡೆಸಲಾಯಿತು. ಆ ಬಳಿಕ ಅಲ್ಲಿನ ಶುಚಿತ್ವ ಮಿಷನ್ ಅದನ್ನು ಮದುವೆಗಳಿಗೂ ವಿಸ್ತರಿಸಿತು.

ಗ್ರಾಮ ಮಟ್ಟದಲ್ಲಿ ಇದನ್ನು ನಡೆಸಲು ಸಂಜೀವಿನಿ ಯೋಜನೆಯಡಿಯ ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟಗಳು ಸೂಕ್ತವಾಗಿವೆ. ಕಸ ಬೇರ್ಪಡಿಸುವ ಹೊಣೆಯನ್ನು ಈಗಾಗಲೇ ಹೊತ್ತಿರುವ ಒಕ್ಕೂಟಗಳಿಗೆ ತಟ್ಟೆಯ ಬಾಡಿಗೆ ಮತ್ತು ತೊಳೆಯುವ ಕೂಲಿ ಎರಡೂ ಆದಾಯವಾಗಬಲ್ಲವು. ಅವರು ಬೇರ್ಪಡಿಸಬೇಕಾದ ರಾಶಿಯೂ ಇಳಿಯುತ್ತದೆ. ಆರಂಭಕ್ಕೆ 300 ಜೊತೆಗಳು ಸಾಕು. ಪ್ರತಿ ತಟ್ಟೆಯ ಹಿಂಬದಿಯಲ್ಲಿ ಊರಿನ ಹೆಸರನ್ನು ಕೆತ್ತಿಸಬೇಕು. ಕೊಡುವಾಗ ಮತ್ತು ಹಿಂಪಡೆಯುವಾಗ ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಮುಂಗಡ ಠೇವಣಿ ಪಡೆದು, ಕಳೆದ ವಸ್ತುಗಳ ಬೆಲೆಯನ್ನು ಅದರಿಂದ ಕಳೆಯಬೇಕು. ಮದುವೆಯಲ್ಲಿ ಮುಯ್ಯಿಯಾಗಿ ಪಾತ್ರೆ ಕೊಡಬಯಸುವವರು ಹತ್ತು ತಟ್ಟೆಗಳನ್ನು ಊರಿನ ಬ್ಯಾಂಕಿಗೆ ನವದಂಪತಿಗಳ ಹೆಸರಿನಲ್ಲಿ ಕೊಟ್ಟರೆ, ಮುಂದಿನ ಮದುವೆಗಳಲ್ಲೆಲ್ಲ ಆ ಹೆಸರು ಊಟದ ಪಂಕ್ತಿಯಲ್ಲಿ ಇರುತ್ತದೆ.

ನಿರ್ಧಾರಕ್ಕೆ ಸಂಕ್ಷಿಪ್ತ ಮಾರ್ಗದರ್ಶಿ

ಕುಳಿತು ಉಣ್ಣುವ ಪಂಕ್ತಿ ಭೋಜನ: ಬಾಳೆ ಎಲೆ ಅಥವಾ ಕೈಯಿಂದ ಹಚ್ಚಿದ ಮುತ್ತುಗದ ಎಲೆ, ಸ್ಟೀಲ್ ಲೋಟ.

ನಿಂತು ಉಣ್ಣುವ ಆರತಕ್ಷತೆ, ನೀರಿನ ಸೌಲಭ್ಯವಿರುವಲ್ಲಿ: ಸ್ಟೀಲ್ ತಟ್ಟೆ, ಬಟ್ಟಲು, ಲೋಟ, ಚಮಚ.

ನಿಂತು ಉಣ್ಣುವ ಆರತಕ್ಷತೆ, ನೀರಿನ ಕೊರತೆಯಿರುವಲ್ಲಿ: ಅಡಿಕೆ ಹಾಳೆಯ ತಟ್ಟೆ, ಎಲೆಯ ದೊನ್ನೆ, ಸ್ಟೀಲ್ ಲೋಟ.

ಸಾರು ಮತ್ತು ಎಣ್ಣೆಯಂಶ ಹೆಚ್ಚಿರುವ ಬೀಗರೂಟ: ಬಾಳೆ ಎಲೆ ಅಥವಾ ಸ್ಟೀಲ್ ತಟ್ಟೆ. ಪದರವಿಲ್ಲದ ಕಾಗದ ಇಲ್ಲಿ ನಿಲ್ಲದು, ಪದರವಿರುವ ಕಾಗದ ಬೇಡ.

ಎಲ್ಲ ಸಮಾರಂಭಗಳಲ್ಲಿ: ಸಣ್ಣ ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚ ಹಾಗೂ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಗಳನ್ನು ಬಿಡಬೇಕು.

ಮದುವೆಗೆ ಒಂದು ತಿಂಗಳು ಮೊದಲು ಊಟದ ಕ್ರಮ ಮತ್ತು ಸಾಮಗ್ರಿಯನ್ನು ನಿಶ್ಚಯಿಸಿ, ಅಡುಗೆಯವರಿಗೆ ಅದನ್ನು ಒಪ್ಪಂದದಲ್ಲೇ ತಿಳಿಸಬೇಕು. ಎರಡು ವಾರ ಮೊದಲು ಎಲೆ, ತಟ್ಟೆ ಹಾಗೂ ತೊಳೆಯುವವರನ್ನು ಗೊತ್ತುಪಡಿಸಬೇಕು. ಒಂದು ವಾರ ಮೊದಲು ಗ್ರಾಮ ಪಂಚಾಯಿತಿ ಕಚೇರಿಗೆ ದಿನಾಂಕ, ಸ್ಥಳ ಮತ್ತು ಅಂದಾಜು ಜನಸಂಖ್ಯೆಯನ್ನು ತಿಳಿಸಿದರೆ, ಸ್ವಚ್ಛ ವಾಹಿನಿಯ ಭೇಟಿಯ ಸಮಯವನ್ನು ಹೊಂದಿಸಿಕೊಳ್ಳಲು ಅನುಕೂಲವಾಗುತ್ತದೆ. ಹೆಚ್ಚಿನ ಮಾಹಿತಿಗೆ ಸಾರ್ವಜನಿಕರು ತಮ್ಮ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಅಥವಾ ಮಹಿಳಾ ಒಕ್ಕೂಟವನ್ನು ಸಂಪರ್ಕಿಸಬಹುದು.